ಮಾಡಿದ ಧರ್ಮ

ಅರವತ್ತು ಪುಟದ ಸಣ್ಣ ಪುಸ್ತಿಕೆ. ಶ್ರಾವಣದ ಹೊತ್ತಿಗೆ ಅನುವಾದ ಮುಗಿಸಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಕೊಟ್ಟಾಗ ಯುಗಾದಿ ಹತ್ತಿರ ಬಂದಿತ್ತು. ಮಿಕ್ಕದ್ದೆಲ್ಲ ಒಂದೂವರೆ ತಿಂಗಳಲ್ಲಿ ಆಗಿಹೋಗಿತ್ತು. ಅಷ್ಟು ದಿನ ಹಿಡಿದದ್ದು ಒಂದೇ ಒಂದು ಪದ.

ಪುಸ್ತಿಕೆ ತಂದುಕೊಟ್ಟವರು ಧಾರವಾಡದ ಒಂದು ಚರ್ಚಿನ ಸಭಾಪಾಲಕರು. ಹೈಸ್ಕೂಲಿನಲ್ಲಿ ನನ್ನ ಕೈಕೆಳಗೆ ಇಂಗ್ಲಿಷ್ ಕಲಿತವರು, ಇವತ್ತಿಗೂ ನನ್ನನ್ನು ‘ಅಕ್ಕೋರೆ’ ಎಂದೇ ಕರೆಯುತ್ತಾರೆ. ಅವರ ಸಭೆಯ ಹೆಣ್ಣುಮಕ್ಕಳು ಬಹಳ ವರ್ಷಗಳಿಂದ ಕೂಡಿ ಕೂತು ಬಟ್ಟೆ ಹೊಲಿದು ಬಡವರಿಗೆ ಕೊಡುತ್ತ ಬಂದಿದ್ದಾರೆ. ಲಂಗ, ಝಬಲಾ, ಕೂಸಿಗೆ ಕುಲಾವಿ, ಚಳಿಗಾಲಕ್ಕೆ ಕೌದಿ. ಅವರ ಹಳೆಯ ಟ್ರಂಕಿನಲ್ಲಿ ಈ ಇಂಗ್ಲಿಷ್ ಪುಸ್ತಿಕೆ ಸಿಕ್ಕಿತ್ತು. ರಟ್ಟು ಹೋಗಿದೆ, ಬರೆದವರ ಹೆಸರಿಲ್ಲ. ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಚರ್ಚು ಚರ್ಚುಗಳಲ್ಲಿ ನಡೆಯುತ್ತಿದ್ದ ಡಾರ್ಕಸ್ ಸೊಸೈಟಿಗಳ ವಿಚಾರ ಅದರಲ್ಲಿತ್ತು. ಹೆಂಗಸರು ವಾರಕ್ಕೊಮ್ಮೆ ಸೇರಿ ಬಡವರಿಗಾಗಿ ಬಟ್ಟೆ ಹೊಲಿಯುವ ಕೂಟಗಳು ಅವು. ‘ನಮ್ಮ ಹೆಣ್ಮಕ್ಕಳು ಏನು ಮಾಡಾಕತ್ತಾರ ಅನ್ನೋದು ಅವರಿಗೇ ಕನ್ನಡದಾಗ ಓದಾಕ ಸಿಗಬೇಕು ಅಕ್ಕೋರೆ’ ಎಂದರು. ನಾನು ಅವರ ಸಭೆಯವಳಲ್ಲ. ಆದರೆ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತ ಬೆಳೆದವಳು. ಆಯ್ತಪ್ಪಾ ಎಂದೆ.

ಡಾರ್ಕಸ್ ಯಾರೆಂಬುದು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಭಾಗದ 9ನೇ ಅಧ್ಯಾಯದಲ್ಲಿದೆ. ಯೊಪ್ಪ ಎಂಬ ಕಡಲತಡಿಯ ಊರಿನ ಹೆಂಗಸು. ಅವರ ಭಾಷೆಯಲ್ಲಿ ತಬಿಥಾ, ಗ್ರೀಕಿನಲ್ಲಿ ದೊರ್ಕ. ಎರಡಕ್ಕೂ ಜಿಂಕೆ ಎಂದೇ ಅರ್ಥ. ಆಕೆ ಕಾಯಿಲೆ ಬಿದ್ದು ತೀರಿಕೊಳ್ಳುತ್ತಾಳೆ. ಹೆಣ ತೊಳೆದು ಮಾಳಿಗೆಯ ಕೋಣೆಯಲ್ಲಿ ಮಲಗಿಸುತ್ತಾರೆ. ಯೇಸುವಿನ ಶಿಷ್ಯ ಪೇತ್ರ ಬರುವ ಹೊತ್ತಿಗೆ ಊರಿನ ವಿಧವೆಯರೆಲ್ಲ ಅಳುತ್ತ ಸುತ್ತ ನಿಂತಿರುತ್ತಾರೆ. ಆಕೆಯ ಗುಣಗಾನಕ್ಕೆ ಅವರು ನಾಲ್ಕು ಮಾತು ಹುಡುಕುವುದಿಲ್ಲ. ಆಕೆ ಹೊಲಿದುಕೊಟ್ಟ ಅಂಗಿ, ನಿಲುವಂಗಿಗಳನ್ನು ಹಿಡಿದು ತೋರಿಸುತ್ತಾರೆ, ಅಷ್ಟೇ. ಆಮೇಲೆ ಆಕೆ ಬದುಕಿ ಎದ್ದಳೆಂದು ಕಥೆ. ನನ್ನ ಮನಸ್ಸು ಮಾತ್ರ ಪ್ರತಿ ಸಲವೂ ಆ ಬಟ್ಟೆ ಹಿಡಿದು ನಿಂತವರ ಹತ್ತಿರವೇ ಉಳಿಯುತ್ತಿತ್ತು.

ಈ ದೊರ್ಕಳನ್ನು ಪರಿಚಯಿಸುವ 36ನೇ ವಚನದಲ್ಲಿ, 1611ರ ಇಂಗ್ಲಿಷ್ ಬೈಬಲು ಒಂದು ಪದ ಬಳಸಿದೆ: ‘ಆಮ್ಸ್‌ಡೀಡ್’. ಬರೆಯುವಾಗ ನಡುವೆ ಲಕಾರವಿದೆ, ನುಡಿಯುವಾಗ ಇಲ್ಲ. ಆಕೆ ಒಳ್ಳೆಯ ಕೆಲಸಗಳಿಂದಲೂ ‘ತಾನು ಮಾಡಿದ ಆಮ್ಸ್‌ಡೀಡ್‌ಗಳಿಂದಲೂ’ ತುಂಬಿದ್ದಳು ಎಂದು ಅಲ್ಲಿದೆ. ಬಡವರಿಗೆ ದಯೆಯಿಂದ ಕೊಡುವುದು ಎಂಬರ್ಥದ ಈ ಪದ ಇವತ್ತಿನ ಇಂಗ್ಲಿಷಿನಲ್ಲಿ ಸತ್ತುಹೋಗಿದೆ. ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದ ನಾನು ಒಂದು ದಿನವೂ ಬೋರ್ಡಿನ ಮೇಲೆ ಬರೆದದ್ದಿಲ್ಲ. ಪುಸ್ತಿಕೆಯಲ್ಲೋ, ಹಾಳೆಗೊಂದರಂತೆ ಬರುತ್ತಿತ್ತು.

ಮೊದಲ ಕರಡಿನಲ್ಲಿ ಎಡವಿದೆ. ನನ್ನ ಅಪ್ಪ ಕಚೇರಿ ಕಟ್ಟೆಯ ಮೇಲೆ ಕೂತು ಬಾಂಡ್ ಬರೆಯುತ್ತಿದ್ದರು. ಸೇಲ್ ಡೀಡ್ ಎಂದರೆ ಕ್ರಯಪತ್ರ, ಗಿಫ್ಟ್ ಡೀಡ್ ಎಂದರೆ ದಾನಪತ್ರ, ಇವು ನನಗೆ ಅಕ್ಷರಮಾಲೆಯ ಜೊತೆಗೇ ಬಂದ ಮಾತುಗಳು. ಪುಸ್ತಿಕೆಯಲ್ಲಿ ಒಂದು ಕಡೆ, ಒಂದು ಊರಿನ ಸೊಸೈಟಿ ವರ್ಷದಲ್ಲಿ ಮಾಡಿದ ಆಮ್ಸ್‌ಡೀಡ್‌ಗಳ ಪಟ್ಟಿ ಇತ್ತು. ಕೈ ತನ್ನಷ್ಟಕ್ಕೆ ‘ದಾನಪತ್ರಗಳ ಪಟ್ಟಿ’ ಎಂದು ಬರೆಯಿತು. ಬರೆದದ್ದನ್ನು ಎರಡು ಸಲ ಓದಿಯೂ ನನಗೆ ಗೊತ್ತಾಗಲಿಲ್ಲ. ಸಭಾಪಾಲಕರು ಓದಿ, ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಮೆತ್ತಗೆ ಕೇಳಿದರು: ‘ಅಕ್ಕೋರೆ, ಇವರು ಹೊಲಿದದ್ದು ಫ್ಲ್ಯಾನೆಲ್ ಅಂಗಿ. ಅದಕ್ಕ ಯಾವ ಪತ್ರರೀ?’

ಮನೆಗೆ ಬಂದು ನಿಘಂಟು ತೆರೆದು ಕೂತೆ. ಡೀಡ್ ಎಂಬುದು ‘ಡೂ’ ಎಂಬ ಕ್ರಿಯಾಪದದ ಮನೆತನದ್ದು. ಮಾಡಿದ್ದು, ಅದೇ ಡೀಡ್. ಛಾಪಾಕಾಗದದ ಅರ್ಥ ಆಮೇಲೆ ಅಂಟಿದ್ದು. ಹಾಗಾದರೆ ಆಮ್ಸ್‌ಡೀಡ್ ಎಂದರೆ ಕೊಟ್ಟ ವಸ್ತುವಲ್ಲ, ಕೊಟ್ಟ ಕಾಗದವೂ ಅಲ್ಲ, ಮಾಡಿದ ಕೆಲಸ. ಇಷ್ಟು ತಿಳಿದ ಮೇಲೆ ಸುಲಭವಾಗಬೇಕಿತ್ತು. ನಿಜವಾದ ಕಷ್ಟ ಅಲ್ಲಿಂದ ಶುರುವಾಯಿತು.

ಕನ್ನಡ ಬೈಬಲಿನಲ್ಲಿ ಈ ಜಾಗದಲ್ಲಿ ‘ದಾನಧರ್ಮ’ ಎಂದಿದೆ. ಅದನ್ನೇ ಇಡಬಹುದಿತ್ತು. ಆದರೆ ಪುಸ್ತಿಕೆಯವರು ಈ ಪದವನ್ನು ಬಿಡಿಸಿ, ಮೊದಲರ್ಧ ಎಂದರೇನು, ಎರಡನೆಯ ಅರ್ಧ ಎಂದರೇನು ಎಂದು ಒಂದಿಡೀ ಅಧ್ಯಾಯ ಬರೆದಿದ್ದಾರೆ. ದಾನಧರ್ಮವನ್ನು ಹಾಗೆ ಬಿಡಿಸಿದರೆ ದಾನ ಒಂದು ಕಡೆ, ಧರ್ಮ ಒಂದು ಕಡೆ ಬೀಳುತ್ತದೆ, ‘ಮಾಡಿದ್ದು’ ಎಲ್ಲೂ ಸಿಗುವುದಿಲ್ಲ.

ಕಿಟೆಲ್ ನಿಘಂಟು ಕೆಳಗಿಳಿಸಿದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಕೋಶದ ಮರುಮುದ್ರಣ ನನ್ನ ಹತ್ತಿರವಿದೆ. ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಕೋಶ. ಹಾಗಾಗಿ ನನಗೆ ತೋಚಿದ ಕನ್ನಡ ಪದಗಳನ್ನು ಒಂದೊಂದಾಗಿ ಹಾಕಿ, ಆ ಕಡೆ ಏನು ಬರುತ್ತದೆ ನೋಡುತ್ತ ಹೋದೆ. ಹಾಳೆಯ ಎಡಗಡೆ ಪದ, ಬಲಗಡೆ ಯಾಕೆ ಬೇಡ ಎಂಬ ಕಾರಣ.

ಭಿಕ್ಷೆ ಬರೆದೆ, ಹೊಡೆದೆ. ಅದು ಬೇಡುವವನ ಕಡೆಯಿಂದ ನೋಡಿದ ಮಾತು. ಮೇಲಾಗಿ ಸನ್ಯಾಸಿಗೂ ಮುಂಜಿಯ ವಟುವಿಗೂ ಭಿಕ್ಷೆಯೇ, ಅವರು ಬಡವರೇ ಆಗಬೇಕೆಂದಿಲ್ಲ. ತಿರುಪೆಯಲ್ಲಿ ತಾತ್ಸಾರವಿದೆ. ದಾಸೋಹ ಬರೆದು ಬಹಳ ಹೊತ್ತು ನೋಡಿದೆ. ಬಸವಣ್ಣನವರ ಕಾಲದ ಆ ಮಾತು ನನಗೆ ಬಹಳ ಪ್ರೀತಿಯದು. ಆದರೆ ದಾಸೋಹದಲ್ಲಿ ಕೊಡುವವನು ‘ನಾನು ದಾಸ’ ಎನ್ನುತ್ತಾನೆ, ಉಣ್ಣುವವನು ಜಂಗಮ. ಅಲ್ಲಿ ಬಡವ ಎಂಬ ಮಾತೇ ಬರಬಾರದು. ಲಂಡನ್ನಿನ ಬಡಗೇರಿಯ ಕೂಸಿಗೆ ಅಂಗಿ ಹೊಲಿದದ್ದನ್ನು ದಾಸೋಹ ಎಂದರೆ ಎರಡಕ್ಕೂ ಅನ್ಯಾಯ. ಇನ್ನು ದಾನ. ನಮ್ಮ ಶಾಸನಗಳ ತುಂಬ ಅದೇ ಮಾತು. ಗೋದಾನ, ಭೂದಾನ, ಕನ್ಯಾದಾನ ಎಲ್ಲ ಇವೆ. ಆದರೆ ದಾನ ಹೆಚ್ಚಾಗಿ ಮೇಲ್ಮುಖವಾಗಿ ಹರಿದದ್ದು. ದೇವಸ್ಥಾನಕ್ಕೆ, ಮಠಕ್ಕೆ, ಪಂಡಿತರಿಗೆ. ಮುರುಕು ಗುಡಿಸಲ ಬಾಗಿಲಿಗೆ ಹೋಗುವ ಕೌದಿಗೆ ಆ ಮಾತು ದೊಡ್ಡದಾಯಿತು.

ಇವತ್ತಿನ ಮಾತುಗಳಂತೂ ಇನ್ನೂ ಕಷ್ಟ. ‘ಬಡವರಿಗೆ ಬಟ್ಟೆ ವಿತರಣೆ’ ಎಂದು ಪತ್ರಿಕೆಯಲ್ಲಿ ಫೋಟೋ ಸಮೇತ ಬರುತ್ತದಲ್ಲ, ನನ್ನ ಕರಡಿನಲ್ಲಿ ಹನ್ನೆರಡು ಕಡೆ ‘ವಿತರಿಸಿದರು’ ನುಸುಳಿತ್ತು. ಒಂದು ಕಡೆ ‘ಫಲಾನುಭವಿ’ ಕೂಡ. ದೊರ್ಕಳ ಹೆಣದ ಸುತ್ತ ನಿಂತು ಅತ್ತವರನ್ನು ಫಲಾನುಭವಿಗಳು ಎಂದು ಕರೆಯಲು ನನಗೆ ಮನಸ್ಸು ಬರಲಿಲ್ಲ. ಆ ಪದ ಹೊಡೆದುಹಾಕಿ ಕೆಲಸ ಅಲ್ಲಿಗೇ ನಿಲ್ಲಿಸಿದೆ.

ಭಾದ್ರಪದದಲ್ಲಿ ಮಗಳ ಮನೆಗೆ, ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮೆಯ ಸೌತಾಂಪ್ಟನ್ನಿಗೆ ಹೋಗಬೇಕಾಗಿ ಬಂತು. ಹಾಳೆಗಳನ್ನೂ ಒಯ್ದಿದ್ದೆ. ಅಲ್ಲಿಂದ ವಿಂಚೆಸ್ಟರಿಗೆ ರೈಲಿನಲ್ಲಿ ಅರ್ಧ ತಾಸೂ ಇಲ್ಲ. ಆ ಊರಂಚಿನ ಸೇಂಟ್ ಕ್ರಾಸ್ ಎಂಬ ಹಳೆಯ ಧರ್ಮಶಾಲೆಯಲ್ಲಿ, ದಾರಿಹೋಕರು ಕೇಳಿದರೆ ಈಗಲೂ ಒಂದು ತುಣುಕು ರೊಟ್ಟಿ, ಒಂದು ಕೊಂಬಿನ ಲೋಟದಲ್ಲಿ ಬಿಯರು ಕೊಡುತ್ತಾರೆಂದು ಓದಿದ್ದೆ. ‘ವೇಫೇರರ್ಸ್ ಡೋಲ್’ ಎಂದು ಅದರ ಹೆಸರು, ದಾರಿಹೋಕರ ಪಾಲು ಎನ್ನಬಹುದು. ಪದ ಸತ್ತರೂ ಅದು ಹೆಸರಿಸುತ್ತಿದ್ದ ಕೆಲಸ ಒಂದು ಕಡೆಯಾದರೂ ಉಳಿದಿದೆ ಎಂದ ಮೇಲೆ, ಅಷ್ಟು ಹತ್ತಿರ ಬಂದು ನೋಡದೆ ಹೋಗುವುದು ಹೇಗೆ?

ಊರೊಳಗಿನಿಂದ ಅಲ್ಲಿಗೆ ಒಂದು ಮೈಲಿಯಷ್ಟು ದಾರಿ. ವಿಂಚೆಸ್ಟರ್ ಕಾಲೇಜಿನ ಗೋಡೆ ದಾಟಿದರೆ ಇಚೆನ್ ಹೊಳೆಯ ಪಕ್ಕದ ಹುಲ್ಲುಗಾವಲು. ಹೊಳೆಯ ತಳದ ಸುಣ್ಣಗಲ್ಲು, ಅದರ ಮೇಲೆ ಬಾಗಿ ಬಳುಕುವ ಹಸಿರು ಜೊಂಡು, ಎಲ್ಲ ಕಾಣುವಷ್ಟು ತಿಳಿನೀರು. ಆ ಹುಲ್ಲುಗಾವಲಿನಲ್ಲೇ ಒಬ್ಬ ಹಾಲು ಕರೆಯುವ ಹುಡುಗಿ ಬಿಷಪ್ಪನನ್ನು ತಡೆದು, ನಮ್ಮ ಜನ ಹಸಿದಿದ್ದಾರೆ ಎಂದು ಬೇಡಿಕೊಂಡಳಂತೆ. ಅದು ಐತಿಹ್ಯ. ಇತಿಹಾಸ ಹೇಳುವುದೇನೆಂದರೆ, 1130ರ ದಶಕದಲ್ಲಿ ವಿಂಚೆಸ್ಟರಿನ ಬಿಷಪ್ ಹೆನ್ರಿ ಆಫ್ ಬ್ಲ್ವಾ ಈ ಧರ್ಮಶಾಲೆ ಕಟ್ಟಿಸಿದ. ಇಂಗ್ಲೆಂಡನ್ನು ಗೆದ್ದ ವಿಲಿಯಮ್ಮನ ಮೊಮ್ಮಗ, ರಾಜ ಸ್ಟೀಫನ್ನನ ತಮ್ಮ. ದುಡಿಯಲಾಗದಷ್ಟು ನಿತ್ರಾಣರಾದ 13 ಮಂದಿ ಬಡವರಿಗೆ ಇರಲು ಜಾಗ, ಜೊತೆಗೆ ದಿನಾ ನೂರು ಮಂದಿಗೆ ಊಟ, ಇದು ಅವನು ಹಾಕಿಕೊಟ್ಟ ಕಟ್ಟಳೆ. 15ನೇ ಶತಮಾನದಲ್ಲಿ ಕಾರ್ಡಿನಲ್ ಬೊಫರ್ಟ್ ಇನ್ನೊಂದು ಪಂಗಡ ಸೇರಿಸಿದ. ಉಳ್ಳವರಾಗಿದ್ದು ಬಡತನಕ್ಕೆ ಬಿದ್ದವರಿಗಾಗಿ. ಮೊದಲಿನವರಿಗೆ ಕಪ್ಪು ನಿಲುವಂಗಿ, ಎದೆಯ ಮೇಲೆ ಬೆಳ್ಳಿಯ ಶಿಲುಬೆ. ಬೊಫರ್ಟನವರಿಗೆ ಕೆಂಪು. ಈಗಲೂ ಅದೇ.

ಇಲ್ಲೂ ಹೊಲಸು ನಡೆದಿದೆ ಎಂಬುದನ್ನು ಮುಚ್ಚಿಡಬಾರದು. 19ನೇ ಶತಮಾನದಲ್ಲಿ ಇದರ ಮುಖ್ಯಸ್ಥನಾಗಿದ್ದ ಗಿಲ್ಫರ್ಡಿನ ಅರ್ಲ್ ಧರ್ಮದ ಆಸ್ತಿಯ ಹುಟ್ಟುವಳಿಯನ್ನು ದಶಕಗಟ್ಟಲೆ ತಾನೇ ಉಂಡ. ಕೋರ್ಟು ಕಚೇರಿಯಾಗಿ, ಊರೆಲ್ಲ ಗುಲ್ಲಾಗಿ ಕೊನೆಗೆ ಬಿಡಬೇಕಾಯಿತು. ನಮ್ಮ ಕಡೆ ‘ದೇವರ ಮಾನ್ಯ’ ನುಂಗಿದವರ ಕಥೆ ಕೇಳಿ ಬೆಳೆದವಳಿಗೆ ಅದೇನೂ ಹೊಸದೆನಿಸಲಿಲ್ಲ.

ಬಾಗಿಲಲ್ಲಿ ಕಾವಲುಗಾರರ ಕೋಣೆ. ಒಳಗೆ ಹೋಗಿ ನೋಡಲು ಟಿಕೆಟು. ರೊಟ್ಟಿಗೆ ಟಿಕೆಟಿಲ್ಲ, ಆದರೆ ಅದನ್ನು ಅವರಾಗಿ ಕೊಡುವುದಿಲ್ಲ. ಬಾಯಿಬಿಟ್ಟು ಕೇಳಬೇಕು. ಮಗಳು ಟಿಕೆಟು ತೆಗೆದುಕೊಂಡು, ‘ಕೇಳವ್ವಾ’ ಎಂದಳು.

ನನ್ನ ನಾಲಿಗೆ ಏಳಲಿಲ್ಲ. ಕೈ ಮೇಲಿರಬೇಕು, ಕೆಳಗಿರಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಅಪ್ಪ ತೀರಿಕೊಂಡ ವರ್ಷ ಮನೆಯಲ್ಲಿ ಎರಡು ಹೊತ್ತು ಒಲೆ ಹಚ್ಚದ ದಿನಗಳಿದ್ದವು. ಆಗಲೂ ನಾವು ಯಾರ ಹತ್ತಿರವೂ ಕೇಳಿದವರಲ್ಲ. ಅವ್ವ ರಾತ್ರಿ ಬೆಳಗೂ ಮೆಷಿನ್ ತುಳಿದಳು. ಅರವತ್ತೆಂಟು ವರ್ಷದಲ್ಲಿ, ಹೊಟ್ಟೆ ತುಂಬಿದ್ದಾಗ, ಸುಮ್ಮನೆ ನೋಡಲು ಬಂದ ಜಾಗದಲ್ಲಿ, ಒಂದು ತುಣುಕು ರೊಟ್ಟಿ ಕೇಳಲು ನನ್ನಿಂದಾಗಲಿಲ್ಲ. ಹೊರಗೆ ಬಂದು ಅಂಗಳದ ಹುಲ್ಲಿನ ಅಂಚಿನಲ್ಲಿ ನಿಂತೆ. ಸಾಲಾಗಿ ಎತ್ತರದ ಹೊಗೆಗೂಡುಗಳು. ಅವುಗಳ ಕೆಳಗೆ ಒಬ್ಬೊಬ್ಬ ಮುದುಕರ ಮನೆ. ಪ್ರಾರ್ಥನೆ ಮುಗಿಸಿ ಕಪ್ಪು ನಿಲುವಂಗಿಯ ಒಬ್ಬ ಅಜ್ಜ ಕೋಲೂರಿಕೊಂಡು ಬರುತ್ತಿದ್ದ. ನಮ್ಮನ್ನು ನೋಡಿ ತಲೆಬಾಗಿದ. ಇವನೂ ಒಂದು ದಿನ ಇಲ್ಲಿಗೆ ಬಂದು, ನನಗೊಂದು ಕೋಣೆ ಬೇಕು ಎಂದು ಕೇಳಿರಬೇಕಲ್ಲ.

ತಿರುಗಿ ಹೋಗಿ ಕೇಳಿದೆ. ಕಾವಲುಗಾರ ಯಾವ ಊರು ಎನ್ನಲಿಲ್ಲ, ಯಾಕೆ ಎನ್ನಲಿಲ್ಲ. ಹಿಂದಕ್ಕೆ ತಿರುಗಿ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಲೋಟ ತೆಗೆದು ತುಂಬಿ, ರೊಟ್ಟಿಯ ತುಣುಕಿನ ಜೊತೆ ನನ್ನ ಕಡೆ ಚಾಚಿದ. ಕೊಂಬಿನ ಲೋಟ ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಬಿಯರು ನನಗೆ ಆಗದು, ಮಗಳು ಕುಡಿದಳು. ರೊಟ್ಟಿ ನಾನು ತಿಂದೆ. ಬಿಳಿ ರೊಟ್ಟಿ, ಸಪ್ಪೆ, ಎರಡು ತುತ್ತು. ನಾನು ತಿಂದು ಮುಗಿಸುವವರೆಗೆ ಆತ ಬೇರೆ ಕೆಲಸಕ್ಕೆ ಕೈಹಾಕಲಿಲ್ಲ. ಖಾಲಿ ಲೋಟ ತಿರುಗಿ ತೆಗೆದುಕೊಳ್ಳಲು ನಿಂತೇ ಇದ್ದ.

ರೈಲಿನಲ್ಲಿ ಹಾಳೆ ತೆಗೆದು ‘ವಿತರಿಸಿದರು’ ಇದ್ದ ಹನ್ನೆರಡೂ ಕಡೆ ಹೊಡೆದುಹಾಕಿದೆ. ಬದಲಿಗೆ ಏನು ಬರೆಯಬೇಕೆಂದು ಇನ್ನೂ ಗೊತ್ತಿರಲಿಲ್ಲ.

ಮಗಳ ಮನೆಯಲ್ಲಿದ್ದ ದಿನಗಳಲ್ಲಿ ಅಲ್ಲಿನ ಗ್ರಂಥಾಲಯದಲ್ಲಿ ಕೂತು ಪದದ ಮೊದಲರ್ಧದ ಬೇರು ಹಿಡಿದು ಹೋದೆ. ಗ್ರೀಕಿನ ‘ಎಲೆಯೆಮೊಸುನೆ’, ಎಂದರೆ ಕರುಣೆ. ಚರ್ಚುಗಳಲ್ಲಿ ಹಾಡುವ ‘ಕುರಿಯೆ ಎಲೆಯಿಸೋನ್’, ಕರ್ತನೇ ಕರುಣಿಸು ಎಂಬುದರಲ್ಲಿರುವುದೂ ಅದೇ ಬೇರು. ಲ್ಯಾಟಿನ್ನಿನ ಮೂಲಕ ಹಾದು ಹಳೆಯ ಇಂಗ್ಲಿಷಿಗೆ ಬರುವಷ್ಟರಲ್ಲಿ ‘ಆಲ್ಮೆಸ್ಸೆ’ ಆಯಿತು, ಆಮೇಲೆ ‘ಆಮ್ಸ್’. ಗ್ರೀಕಿನಲ್ಲಿ ಆರು ಸಲ ಬಾಯಿ ತೆರೆದು ಹೇಳಬೇಕಾದ ಪದ ಒಂದೇ ಉಸಿರಿಗೆ ಇಳಿಯಿತು. ಬಾಯಿಂದ ಬಾಯಿಗೆ ಅಷ್ಟು ಓಡಾಡದೆ ಯಾವ ಪದವೂ ಹೀಗೆ ಸವೆಯುವುದಿಲ್ಲ. ಈ ಪದದ ಸಂಸಾರವೂ ದೊಡ್ಡದು. ಧರ್ಮ ಹಂಚುವ ಅಧಿಕಾರಿ ‘ಆಮನರ್’, ಮಠದಲ್ಲಿ ಹಂಚುವ ಜಾಗ ‘ಆಮನ್ರಿ’. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿಗೆ ಬಂದವನು, ಅಲ್ಲಿನ ಆಮನ್ರಿಯಲ್ಲಿ ಅಂಗಡಿ ಮಾಡಿಕೊಂಡಿದ್ದ ಎಂದು ಓದಿ, ಪುಸ್ತಕಗಳ ನಡುವೆ ಬದುಕಿದ ನನಗೆ ಬಹಳ ಸಂತೋಷವಾಯಿತು. ಆಸ್ಪತ್ರೆಗಳಲ್ಲೂ ಆಮನರ್ ಎಂಬ ಹುದ್ದೆ ಇತ್ತು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ 1895ರಲ್ಲಿ ಮೇರಿ ಸ್ಟೂವರ್ಟ್ ಆ ಕೆಲಸಕ್ಕೆ ಸೇರಿದ ಮೊದಲಿಗರು. ಇವತ್ತು ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಕಾಣುವ ವೈದ್ಯಕೀಯ ಸಮಾಜ ಕಾರ್ಯಕರ್ತರ ಕೆಲಸ ಆ ದಾರಿಯಿಂದ ಬಂದದ್ದೇ.

ಶೇಕ್ಸ್‌ಪಿಯರನ ಒಂದು ಚಾರಿತ್ರಿಕ ನಾಟಕದಲ್ಲೂ ಆಮ್ಸ್‌ಡೀಡ್ ಸಿಕ್ಕಿತು. ಮಗನನ್ನು ಕಣ್ಣೆದುರೇ ಕೊಂದದ್ದನ್ನು ನೋಡಿದ ರಾಣಿ, ಕೊಂದವನ ಬಗ್ಗೆ ಅನ್ನುತ್ತಾಳೆ: ಕೊಲೆಯೇ ಅವನ ಆಮ್ಸ್‌ಡೀಡ್, ನೆತ್ತರು ಬೇಡಿ ಬಂದ ಯಾರನ್ನೂ ಅವನು ಬರಿಗೈಲಿ ಕಳಿಸಿದ್ದಿಲ್ಲ ಎಂಬ ಹಾಗೆ. ನಾಟಕ ನೋಡಲು ನಿಂತ ಸಾಮಾನ್ಯ ಜನಕ್ಕೂ ಆ ಪದ ಗೊತ್ತಿದ್ದರೆ ಮಾತ್ರ ಆ ಬೈಗುಳ ತಟ್ಟಲು ಸಾಧ್ಯ.

ಹಾಗಿದ್ದರೆ ಯಾಕೆ ಸತ್ತಿತು? ನನಗೆ ತೋರುವ ಒಂದು ಕಾರಣ ಹೇಳುತ್ತೇನೆ. 1536ರಿಂದ 1540ರವರೆಗೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ. ಅವುಗಳ ಬಾಗಿಲಲ್ಲಿ ನಡೆಯುತ್ತಿದ್ದ ಹಂಚಿಕೆಯೂ ನಿಂತಿತು. 1601ರ ಕಾಯಿದೆ ಪ್ರತಿ ಊರಿನಲ್ಲೂ ಬಡವರಿಗಾಗಿ ಕಂದಾಯ ಎತ್ತುವುದನ್ನು ಗಟ್ಟಿ ಮಾಡಿತು. ಅದು ತಪ್ಪೆಂದು ನಾನು ಅನ್ನಲಾರೆ. ಒಬ್ಬರ ಮನಸ್ಸು ಕರಗುವುದನ್ನು ಕಾಯುತ್ತ ಕೂತರೆ ಹಸಿದವನು ಸಾಯುತ್ತಾನೆ. ಆದರೆ ಕಂದಾಯ ಕಟ್ಟಿದವನಿಗೆ ತಾನು ಏನೋ ‘ಮಾಡಿದೆ’ ಎನಿಸುವುದಿಲ್ಲ. 1834ರ ಕಾಯಿದೆಯ ಮೇಲಂತೂ ನೆರವು ಬೇಕಾದವರು ವರ್ಕ್‌ಹೌಸ್ ಎಂಬ ದುಡಿಮೆಮನೆಯ ಬಾಗಿಲು ಹಾಯಬೇಕಾಯಿತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಅಂಥದ್ದಕ್ಕೆ ಆಮ್ಸ್‌ಡೀಡ್ ಎಂಬ ಹೆಸರು ಒಗ್ಗಲಾರದು. ನಮ್ಮ ಪುಸ್ತಿಕೆಯ ಹೆಂಗಸರು ಸೂಜಿ ಹಿಡಿದು ಕೂತದ್ದು ಆ ಶತಮಾನದಲ್ಲಿ. ಅವರು ಆ ಹಳೆಯ ಪದವನ್ನೇ ಮತ್ತೆ ಮತ್ತೆ ಯಾಕೆ ಬರೆದರೆಂದು ಆಗ ಸ್ವಲ್ಪ ತಿಳಿಯಿತು.

ಊರಿಗೆ ಬಂದ ಮೇಲೆ ಸಭಾಪಾಲಕರ ಮನೆಗೆ ಹೋದೆ. ಚಹಾ ಕುಡಿಯುತ್ತ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ತೆಗೆದರು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಬರುವ ಭಾಗ. 1611ರ ಇಂಗ್ಲಿಷಿನಲ್ಲಿ ಅಲ್ಲಿ ಆಮ್ಸ್ ‘ಕೊಡುವುದು’ ಎಂದಿಲ್ಲ, ಆಮ್ಸ್ ‘ಮಾಡುವುದು’ ಎಂದಿದೆ. ಇಬ್ಬರೂ ಬೆರಳಿಟ್ಟು ಓದಿದೆವು. ಅದರ ಮೊದಲ ವಚನದಲ್ಲಿ ಇನ್ನೊಂದು ಸಂಗತಿ. ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ಆಮ್ಸ್ ಎಂದಿರುವ ಕಡೆ ಹೊಸ ಅನುವಾದಗಳು ನೀತಿ, ನ್ಯಾಯ ಎಂಬರ್ಥದ ಪದ ಹಾಕುತ್ತವೆ. ಯಾಕೆಂದರೆ ಬಹಳ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇರುವುದು ಅದೇ.

‘ಇದರ ಹಿಂದ ಹೀಬ್ರೂ ಐತ್ರೀ ಅಕ್ಕೋರೆ’ ಎಂದರು. ‘ತ್ಸೆದಾಕಾ ಅಂತ ಪದ. ನ್ಯಾಯ ಅಂತಲೂ ಹೌದು, ಬಡವರಿಗೆ ಕೊಡೋದು ಅಂತಲೂ ಹೌದು. ಯೆಹೂದ್ಯರಿಗೆ ಎರಡೂ ಬ್ಯಾರೆ ಅಲ್ಲ. ಅದನ್ನ ಗ್ರೀಕಿಗೆ ತರೋರು ಕೆಲವು ಕಡೆ ಎಲೆಯೆಮೊಸುನೆ ಅಂತ ಮಾಡಿದ್ರು.’

ನಮ್ಮ ಓಣಿಯ ಟೇಲರ್ ಭಾಯಿ ಶುಕ್ರವಾರ ಅಂಗಡಿಯ ಮುಂದೆ ನಿಂತವರಿಗೆ ಕೊಡುವಾಗ ‘ಸದಖಾ’ ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅರಬ್ಬಿಯ ಆ ಪದ ಹೀಬ್ರೂವಿನ ತ್ಸೆದಾಕಾಕ್ಕೆ ಅಕ್ಕತಂಗಿ. ದಿನಾ ಕಿವಿಗೆ ಬೀಳುತ್ತಿದ್ದ ಮಾತಿನ ಬೇರು ಅಷ್ಟು ಆಳದಲ್ಲಿದೆ ಎಂದು ಅವತ್ತು ತಿಳಿಯಿತು.

ನ್ಯಾಯವೂ ಹೌದು, ಬಡವರಿಗೆ ಕೊಡುವುದೂ ಹೌದು. ಚಹಾದ ಕಪ್ಪು ಕೆಳಗಿಟ್ಟೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇದೆಯಲ್ಲ, ಧರ್ಮ. ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂಬ ಗಾದೆಯಲ್ಲಿರುವ ಧರ್ಮ. ಅದೂ ಬಟ್ಟೆಯ ಗಾದೆಯೇ.

ಸಭಾಪಾಲಕರು ಒಂದು ಕ್ಷಣ ಖುಷಿಪಟ್ಟರು, ಆಮೇಲೆ ಮುಖ ಸಣ್ಣದು ಮಾಡಿಕೊಂಡರು. ‘ಈಗ ಧರ್ಮ ಅಂದ್ರ ಎಲ್ಲಾರೂ ಮತ ಅಂತ ತಿಳ್ಕೋತಾರ್ರೀ. ನಮ್ಮ ಸಂಘದ ಪುಸ್ತಕದಾಗ ಬಟ್ಟೆ ಕೊಟ್ಟದ್ದನ್ನ ಧರ್ಮದ ಕೆಲಸ, ಧರ್ಮಕಾರ್ಯ ಅಂತ ಬರದ್ರ ಓದಿದವರು ಏನಂದಾರು?’ ಅವರ ಅಂಜಿಕೆ ಸುಳ್ಳಲ್ಲ. ಶಾಲೆಯ ಅರ್ಜಿಯಿಂದ ಹಿಡಿದು ಟೀವಿ ಚರ್ಚೆಯವರೆಗೆ ಆ ಪದಕ್ಕೆ ಈಗ ಒಂದೇ ಅರ್ಥ ಉಳಿದಿದೆ. ಬೇರೆ ಪದ ಹುಡುಕೋಣ ಎಂದು ಎದ್ದು ಬಂದೆ.

ಮಾರನೇ ದಿನ ನಸುಕಿನಲ್ಲಿ ಅಂಗಳ ಗುಡಿಸುತ್ತಿದ್ದೆ. ಚಳಿ ಇನ್ನೂ ಇತ್ತು. ಓಣಿಯ ತುದಿಯಲ್ಲಿ ಒಬ್ಬಾಕೆ ಜೋಳಿಗೆ ಹಾಕಿಕೊಂಡು ಮನೆ ಮನೆ ಮುಂದೆ ನಿಲ್ಲುತ್ತ ಬರುತ್ತಿದ್ದಳು. ಇತ್ತೀಚೆಗೆ ಬರುವುದೇ ಕಡಿಮೆ. ನಮ್ಮ ಬಾಗಿಲಿಗೆ ಬಂದು ಕೂಗಿದಳು:

‘ಧರ್ಮ ಮಾಡ್ರೀ ಯವ್ವಾ.’

ಕಸಬರಿಗೆ ಹಿಡಿದೇ ನಿಂತುಬಿಟ್ಟೆ. ನಮ್ಮವ್ವ ಹೊಸ್ತಿಲಲ್ಲಿ ಬುಟ್ಟಿ ಇಟ್ಟುಕೊಂಡು, ಈ ಕೂಗಿಗೆ ಒಂದು ಬೊಗಸೆ ಜೋಳ ಹಾಕುತ್ತಿದ್ದಳು. ಜೋಳಿಗೆಯ ಬಾಯಿ ಅವರೇ ಬಿಚ್ಚಿ ಹಿಡಿಯುವವರೆಗೆ ಕಾಯುತ್ತಿದ್ದಳು, ಮೇಲಿಂದ ಎರಚುತ್ತಿರಲಿಲ್ಲ. ಏನೂ ಇಲ್ಲದ ದಿನ ‘ಇಲ್ಲ’ ಎನ್ನುತ್ತಿರಲಿಲ್ಲ. ‘ಮುಂದಕ್ಕ ಹೋಗವ್ವಾ’ ಎನ್ನುತ್ತಿದ್ದಳು. ಒಲೆ ಹಚ್ಚದ ಆ ವರ್ಷದಲ್ಲಿ ಅವ್ವ ಅದನ್ನು ಹೇಳುವಾಗ ದನಿ ನಡುಗುತ್ತಿದ್ದದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಧರ್ಮ ಕೊಡ್ರಿ ಎಂದು ಈಕೆ ಕೂಗಲಿಲ್ಲ. ಮಾಡ್ರಿ ಎಂದಳು. ಧರ್ಮದ ಕೆಲಸ ಎಂದರೆ ಇವತ್ತು ನೂರು ಅರ್ಥ ಬರಬಹುದು. ‘ಧರ್ಮ ಮಾಡ್ರಿ’ ಎಂದರೆ ಕನ್ನಡ ಬಲ್ಲ ಯಾರಿಗೂ ಒಂದೇ ಅರ್ಥ. ಆ ಕ್ರಿಯಾಪದ ಸೇರಿದ ಕೂಡಲೇ ಮತ ಹಿಂದೆ ಸರಿದು ಬೊಗಸೆ ಮುಂದೆ ಬರುತ್ತದೆ. ಆಮ್ಸ್ ಮತ್ತು ಡೀಡ್, ಧರ್ಮ ಮತ್ತು ಮಾಡು. ಗ್ರೀಕು, ಹೀಬ್ರೂ, ಹ್ಯಾಂಪ್‌ಶೈರು ಎಲ್ಲ ಸುತ್ತಿ ಬಂದವಳಿಗೆ ಅದನ್ನು ಕೊಟ್ಟವಳು ಜೋಳಿಗೆಯಾಕೆ. ಆಕೆಗೆ ಅಕ್ಕಿ ಹಾಕಿ, ಒಂದು ಕೌದಿಯನ್ನೂ ಕೊಟ್ಟೆ. ಆಕೆ ಅದನ್ನು ಅಲ್ಲೇ ಬಿಡಿಸಿ, ತಿರುವಿ ಹೊಲಿಗೆ ನೋಡಿ, ‘ಕೈಹೊಲಿಗಿ ಐತಿ’ ಎಂದು ಹೊದ್ದುಕೊಂಡು ಹೋದಳು.

ಅವತ್ತಿನಿಂದ ಹದಿನೈದು ದಿನಕ್ಕೆ ಪುಸ್ತಿಕೆ ಮುಗಿಯಿತು. ದೊರ್ಕಳ ಸಾಲು ಹೀಗೆ ನಿಂತಿತು: ‘ಆಕೆ ಒಳ್ಳೆಯ ಕೆಲಸಗಳನ್ನು ಮಾಡುತ್ತಿದ್ದಳು, ಬಡವರಿಗೆ ಧರ್ಮ ಮಾಡುತ್ತಿದ್ದಳು.’ ಸೊಸೈಟಿಗಳ ಪಟ್ಟಿಯ ಮೇಲೆ ‘ಈ ವರ್ಷ ಮಾಡಿದ ಧರ್ಮ’ ಎಂದು ಹಾಕಿದೆ. ಸಭಾಪಾಲಕರು ಹೊಲಿಗೆಯ ದಿನ ಹೆಣ್ಣುಮಕ್ಕಳ ಮುಂದೆ ಅದನ್ನು ಓದಿಸಿದರು. ಯಾರೂ ಮತದ ಮಾತೆತ್ತಲಿಲ್ಲ. ಗುಂಡಿ ಹಚ್ಚುತ್ತಿದ್ದ ಒಬ್ಬ ಹಿರಿಯಾಕೆ, ತಲೆ ಎತ್ತದೆ, ‘ಫ್ಲ್ಯಾನೆಲ್ ಎಷ್ಟು ಗಜ ತಗೊಂಡಿದ್ರಂತ?’ ಎಂದು ಕೇಳಿದರು.

ಅಚ್ಚಿಗೆ ಹೋದಾಗ ಕೊನೆಯದೊಂದು ತೊಡಕಾಯಿತು. ಡಿಟಿಪಿ ಮಾಡುವ ಹುಡುಗಿ ಚುರುಕು, ಅಕ್ಷರ ತಪ್ಪು ಕಂಡರೆ ತಾನೇ ತಿದ್ದುತ್ತಾಳೆ. ಪ್ರೂಫ್ ನೋಡಿದರೆ ಎಲ್ಲ ಕಡೆಯೂ ‘ಧರ್ಮ ಪಾಲಿಸುತ್ತಿದ್ದಳು’ ಎಂದಾಗಿತ್ತು. ಅಂಗಡಿಗೇ ಹೋದೆ.

‘ಧರ್ಮ ಮಾಡುತ್ತಿದ್ದಳು ಅಂದ್ರ ತಪ್ಪು ಅನ್ನಿಸ್ತ್ರಿ ಅಕ್ಕೋರೆ, ಧರ್ಮ ಪಾಲಸ್ತಾರಲ್ರೀ?’ ಎಂದಳು.

‘ನಿಮ್ಮ ಮನಿ ಬಾಗಲಿಗೆ ಜೋಳಿಗಿ ಹಾಕ್ಕೊಂಡು ಬಂದವರು ಏನಂತ ಕೂಗ್ತಾರವ್ವಾ?’

ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಮೊದಲ ‘ಪಾಲಿಸು’ ಇದ್ದ ಪುಟ ತೆಗೆದಳು.